ಗೋವಾಕ್ಕ ನಾಳೆ ಹೋಗ್ಲಿ, ಇವತ್ತ ನಮ್ಮೂರು ನೋಡ್ಲಿ

ವೈನಿ, ನಿಮ್ಮ ತಂಗಿಯವರು ಮಕ್ಕಳನ್ನ ಕರಕೊಂಡು ಬೆಂಗಳೂರಿಂದ ಬರಾಕತ್ತಾರಂತ ಕೇಳಿ ಭಾಳ ಖುಷಿ ಆತು. ಆದ್ರ ರಾತ್ರಿ ಇಲ್ಲಿ ಮಲಗಿ, ಮುಂಜಾನೆ ಚಾ ಕುಡದು, ಚೋರ್ಲಾ ಘಾಟ ಹಿಡದು ಸೀದಾ ಗೋವಾಕ್ಕ ಹೋಗ್ತಾರಂತ ಅಂದ್ರೆಲಾ, ಅದು ನನ್ನ ಮನಸ್ಸಿಗೆ ಬರಲಿಲ್ಲ ನೋಡ್ರಿ. ಬಂದವರೆಲ್ಲಾ ಬೆಳಗಾವಿಯನ್ನ ಹಿಂಗ ದಾಟಿಕೊಂಡೇ ಹೋಗ್ತಾರ. ಒಂದು ದಿನ ನಿಲ್ಲಸ್ರಿ ಅವರನ್ನ.

ಎರಡೂವರೆ ಸಾವಿರ ಫೂಟ ಎತ್ತರದಾಗ ಐತಿ ನಮ್ಮೂರು. ಮೂಡಲ ಕಡೆ ಬೈಲಹೊಂಗಲ, ಸವದತ್ತಿ ಎರಿಹೊಲ, ಜ್ವಾಳ, ಹತ್ತಿ. ಪಡವಲ ಕಡೆ ಖಾನಾಪುರದ ಅಡವಿ, ಭತ್ತ, ಗೆಣಸು. ಬಯಲಸೀಮಿ ಮಾತು, ಮಲೆನಾಡ ಮಳಿ, ಎರಡೂ ನಮಗ ಸಿಕ್ಕಾವ. ಇಂಥಾ ಊರನ್ನ ಕಾರಿನ ಕಿಡಕಿಯಾಗಿಂದ ನೋಡಿದ್ರ ಏನ ತಿಳೀತೈತಿ ಹೇಳ್ರಿ.

ಮುಂಜಾನೆ ಲಗೂನ ಎದ್ದು ಕಿಲ್ಲಾಕ್ಕ ಹೋಗ್ಲಿ. ಬಾಗಿಲದಾಗ ದುರ್ಗಾದೇವಿ, ಒಳಗ ಸಫಾ ಮಸೀದಿ, ರಾಮಕೃಷ್ಣ ಆಶ್ರಮ, ಕಮಲ ಬಸದಿ, ಎಲ್ಲಾ ಒಂದ ಖಂದಕದ ಒಳಗ ಅದಾವ. ಬಸದಿಯೊಳಗ ಅವಸರ ಮಾಡಬ್ಯಾಡ್ರಿ. ರಟ್ಟರ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಾಗ ಕಟ್ಟಿಸಿದ್ದು ಅದು. ನಡುವ ನಿಂತು ಮ್ಯಾಲ ನೋಡ್ರಿ, ಛತ್ತಿನಿಂದ ಕಲ್ಲಿನ ಕಮಲ ಕೆಳಮುಖ ಆಗಿ ಇಳದೈತಿ. ಎಪ್ಪತ್ತೆರಡು ಎಸಳು. ಹಿಂದಿನ, ಇಂದಿನ, ಮುಂದಿನ ಇಪ್ಪತ್ನಾಕು ಇಪ್ಪತ್ನಾಕು ತೀರ್ಥಂಕರರ ಲೆಕ್ಕ ಅದು. ಮಕ್ಕಳಿಗೆ ಹೇಳ್ರಿ, ಎಣಿಸಿಯೇ ಹೊರಗ ಬರಲಿ.

ಹೋಗೂವಾಗ ಟಿಳಕವಾಡಿಯೊಳಗ ಕಾಂಗ್ರೆಸ್ ಬಾವಿ ತೋರಸ್ರಿ. ಗಾಂಧೀಜಿ ಒಂದ ಅಧಿವೇಶನಕ್ಕ ಅಧ್ಯಕ್ಷರಾಗಿದ್ದು, ಅದು 1924ರಾಗ ಇಲ್ಲೇ. ಬಂದ ಮಂದಿಗೆ ನೀರಿಗಂತ ತೋಡಿದ ಬಾವಿ ಅದು.

ಮುಂದ ಖಾನಾಪುರ. ಅಲ್ಲಿ ಮಣ್ಣು ಛಲೋ, ಕುಂಬಾರಿಕಿ ಕಲಸೂ ಸರಕಾರಿ ಸಂಸ್ಥೆನೂ ಐತಿ. ಗಡಿಗಿ ತಗೋಳೂವಾಗ ಬೆರಳಗಂಟಿಲೆ ಬಡದು ನೋಡ್ರಿ. ಠಣ್ ಅಂದ್ರ ಬರೋಬರಿ ಸುಟ್ಟೈತಿ, ದಬ್ ಅಂದ್ರ ಎಲ್ಲೋ ಬಿರುಕು ಐತಿ ಅಂತ ತಿಳೀರಿ. ಅಲ್ಲಿಂದ ಹಲಸಿ. ಕದಂಬರ ಎರಡನೇ ರಾಜಧಾನಿ. ಭೂವರಾಹ ನರಸಿಂಹ ಗುಡಿಯೊಳಗ ಎರಡು ಗರ್ಭಗುಡಿ, ವರಾಹ ಒಂದು ಕಡೆ, ನರಸಿಂಹ ಒಂದು ಕಡೆ, ಮುಖಾಮುಖಿ. ದಾರಿಯೊಳಗ ನಂದಗಡದಾಗ ಇಳದು ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈ ಮುಗೀರಿ. 1831ರ ಜನವರಿ 26ಕ್ಕ ಆತನ್ನ ಗಲ್ಲಿಗೆ ಹಾಕಿದ್ದು ಅಲ್ಲೇ.

ಬುತ್ತಿ ಕಟ್ಟಿಕೊಡ್ರಿ ವೈನಿ, ರೊಟ್ಟಿ, ಝುಣಕಾ, ಶೇಂಗಾ ಚಟ್ನಿ. ಅಸೋಗಾದಾಗ ರಾಮಲಿಂಗೇಶ್ವರ ಗುಡಿ ಮುಂದ ಮಲಪ್ರಭಾ ದಂಡಿಯ ಕಲ್ಲಮ್ಯಾಲ ಕುಂತು ಉಣ್ಣಲಿ. ಮಳಿ ಆಗಿದ್ರ ಸೆಳವು ಜೋರ ಇರತೈತಿ, ಹುಡುಗರನ್ನ ನೀರಿಗೆ ಬಿಡಬ್ಯಾಡ್ರಿ. ಇದ ಖಾನಾಪುರ ತಾಲೂಕಿನ ಕಣಕುಂಬಿಯೊಳಗ ಹುಟ್ಟಿ ಮಲಪ್ರಭಾ ಮೂಡಲಕ್ಕ ಹೋಗಿ ಕೂಡಲಸಂಗಮದಾಗ ಕೃಷ್ಣಾಕ್ಕ ಕೂಡತಾಳ. ಮಹಾದಾಯಿನೂ ಇದ ತಾಲೂಕಿನಾಗ ಹುಟ್ಟಿ ಪಡವಲಕ್ಕ ಇಳದು, ಗೋವಾದಾಗ ಮಾಂಡವಿ ಆಗಿ ಸಮುದ್ರ ಸೇರತಾಳ. ಒಂದ ಅಡವಿ ಮಳಿ ಎರಡು ಸಮುದ್ರಕ್ಕ ಹಂಚಿ ಹೋಗತೈತಿ.

ಸಂಜಿಕ ಮಾತ್ರ ಊರಿಗೆ ತಿರುಗಿ ಬಂದು ತಪ್ಪದ ಖಡೇಬಜಾರ. ಕನ್ನಡದಾಗ ಕೇಳ್ರಿ, ಮರಾಠಿಯೊಳಗ ರೇಟ್ ಹೇಳ್ತಾರ. ಬಾಜೂಕ ನಿಂತಾಕಿ ಉರ್ದುದಾಗ ಚೌಕಾಸಿ ಮಾಡ್ತಾಳ. ಚಿಲ್ಲರ ಎಣಿಸೂವಾಗ ಮೂರೂ ಕೂಡಿ ಬರ್ತಾವ. ಊರು ಯಾರದು ಅನ್ನೂ ಜಗಳ ಪೇಪರಿನಾಗ ಓದಿದವರು ಇದನ್ನ ಕಣ್ಣಿಲೆ ನೋಡಬೇಕು. ಮುಂಜಾನಿಂದ ರಾತ್ರಿತನಕ ನಾವು ಹಿಂಗ ಬಾಳೇ ಮಾಡ್ತೀವಿ. ಮಾತಿನಾಗ ಇಷ್ಟು ಧಾರಾಳ ಇರೂ ಮಂದಿ ನಡುವ ಹುಟ್ಟಿದ್ದು ನನಗ ದೊಡ್ಡ ಭಾಗ್ಯ.

ಕುಂದಾ ಅಲ್ಲೇ ತಗೋರಿ. ಹಾಲು ಕುದಿಸಿ, ಚೂರು ಮೊಸರು ಬಿಟ್ಟು, ದಾಣಿ ದಾಣಿ ಆಗೂತನಕ ಬತ್ತಿಸಿ, ಸಕ್ಕರಿ ಕೆಂಪಾಗಿ ಕರಗಿಸಿ ಹಾಕಿದ್ದ ಖರೇ ಕುಂದಾ. ನಾಲಿಗಿಗೆ ತರಿತರಿಯಾಗಿ ಹತ್ತಬೇಕು. ಮಕ್ಕಳ ಕೈಯಾಗ ರೊಕ್ಕಾ ಕೊಟ್ಟು ಅವರೇ ಕೇಳಿ ತಗೋಳ್ಲಿ ಬಿಡ್ರಿ, ಬಂದ ಭಾಷೆಯೊಳಗ ಮಾತಾಡ್ಲಿ, ಯಾರೂ ನಗಂಗಿಲ್ಲ.

ಮತ್ತ ಮಂಡಿಗಿ. ಸಕ್ಕರಿ ತುಂಬಿದ ಕಣಕ ಮೊಣಕೈತನಕ ಹಾಕ್ಕೊಂಡು, ಈ ಕೈಯಿಂದ ಆ ಕೈಗೆ ಹಾರಿಸಿ ಹಾರಿಸಿ ಹಿಗ್ಗಿಸಿ, ಬೋರಲ ಹಾಕಿದ ಕಡಾಯಿಮ್ಯಾಲ ಚಾದರದಂಗ ಹಾಸೂದನ್ನ ಆ ಹುಡುಗರು ಎಲ್ಲೂ ನೋಡಿರಂಗಿಲ್ಲ. ಅದಕ್ಕ ಮೊದಲ ಹೇಳಿ ಇಡಬೇಕು. ನಾನ ಹೇಳತೀನಿ, ಎಷ್ಟು ಬೇಕು ಅನ್ನೂದು ನಿಮ್ಮ ತಂಗೀನ್ನ ಕೇಳಿ ಇವತ್ತ ಸಂಜಿ ಒಳಗ ತಿಳಸ್ರಿ.