ಮ್ಯಾಂಡೇಟರಿ ಮೂರ್ತಿಗಳು

ಅಪ್ಪ ಅಮ್ಮ ಇಟ್ಟ ಹೆಸರು ಬರೀ ಮೂರ್ತಿ. ಕೆಲಸ ಖಾಲಿ ಇದೆ ಎಂಬ ಜಾಹೀರಾತಿನ ಕೊನೆಗೆ ‘ಹಿಂದಿ ಮ್ಯಾಂಡೇಟರಿ’ ಎಂದು ಸೇರಿಸದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಅದಕ್ಕೇ ಆಫೀಸಿನ ಹುಡುಗರು ಈ ಬಿರುದು ದಯಪಾಲಿಸಿದ್ದಾರೆ. ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋದರೂ ಇಂಥ ಒಬ್ಬ ಎಚ್‌ಆರ್ ಮೂರ್ತಿಗಳು ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡು ಸಿಕ್ಕೇ ಸಿಗುತ್ತಾರೆ.

ಕೆಲಸ ಯಾವುದಾದರೇನು? ಹಗಲಿಡೀ ಎಕ್ಸೆಲ್ ಮುಂದೆ ಕೂತು ಜಿಎಸ್‌ಟಿ ಬಿಲ್ಲು ತಾಳೆ ನೋಡುವ ಹುಡುಗನಿಗೂ ಮೂರು ಭಾಷೆ ಬೇಕು. “ಯಾರ ಜೊತೆ ಮಾತಾಡೋಕೆ ಸಾರ್?” ಎಂದರೆ, “ನಾಳೆ ಡೆಲ್ಲಿ ಕ್ಲೈಂಟ್ ಬಂದ್ರೆ?” ಎನ್ನುತ್ತಾರೆ. ಆ ಕ್ಲೈಂಟ್ ಇನ್ನೂ ಬಂದಿಲ್ಲ. ಬಂದರೂ ನೇರವಾಗಿ ಅಕೌಂಟ್ಸ್ ಹುಡುಗನನ್ನೇ ಹುಡುಕಿಕೊಂಡು ಹೋಗುತ್ತಾನೆಂದು ಮೂರ್ತಿಗಳಿಗೆ ಯಾರು ಹೇಳಿದರೋ!

ಕನ್ನಡದ ಪರೀಕ್ಷೆಯೂ ಉಂಟು. “ಕ್ಯಾನ್ ಯು ಸ್ಪೀಕ್ ಕನ್ನಡ?” “ಯೆಸ್ ಸರ್, ಫ್ಲೂಯೆಂಟ್ಲಿ.” ಟಿಕ್. ಪರೀಕ್ಷೆ ಮುಗಿಯಿತು. ಸ್ಟೇಟ್ ಬ್ಯಾಂಕಿನ ಗುಮಾಸ್ತನಾಗಬೇಕಾದರೂ ಸ್ಥಳೀಯ ಭಾಷೆ ಬರಬೇಕು, ಶಾಲೆಯಲ್ಲಿ ಓದಿಲ್ಲದವರು ಪರೀಕ್ಷೆ ಕೊಡಬೇಕು. ಪಿಂಚಣಿ ಕೇಳಲು ಕೌಂಟರಿಗೆ ಬರುವ ಅಜ್ಜಿಗಾಗಿ ಆ ನಿಯಮ, ಇರಲೇಬೇಕಾದದ್ದು. ಮೂರ್ತಿಗಳ ನಿಯಮ ಯಾವ ಅಜ್ಜಿಗಾಗಿಯೋ ತಿಳಿಯದು.

2024ರ ಜುಲೈನಲ್ಲಿ ಮಾತ್ರ ಅವರ ಜೀವ ಬಾಯಿಗೆ ಬಂದಿತ್ತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಓದಿಲ್ಲದವರಿಗೆ ಕನ್ನಡ ಪರೀಕ್ಷೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಮೂರ್ತಿಗಳು ಎಲ್ಲ ಜಾಹೀರಾತಿಗೂ ‘ಕನ್ನಡ ಮ್ಯಾಂಡೇಟರಿ’ ಅಂಟಿಸಿದರು. ಲಿಫ್ಟಿನಲ್ಲಿ ಸಿಕ್ಕವರ ಮುಂದೆಲ್ಲ ಕನ್ನಡಿಗರ ಉದ್ಯೋಗದ ಕುರಿತ ಸರೋಜಿನಿ ಮಹಿಷಿ ವರದಿಯ ಹೆಸರೆತ್ತಿದರು. 1986ರ ಆ ವರದಿಯಲ್ಲಿ ಏನಿದೆಯೆಂದು ಯಾರೂ ಕೇಳದ್ದರಿಂದ ಬಚಾವಾದರು. ಉದ್ಯಮಿಗಳು ಗದ್ದಲವೆಬ್ಬಿಸಿದರು, ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಸಂಜೆಯೊಳಗೆ ಜಾಹೀರಾತಿನಿಂದ ‘ಕನ್ನಡ’ ಮಾಯ. ‘ಮ್ಯಾಂಡೇಟರಿ’ ಹಾಗೇ ಉಳಿಯಿತು.

ಈಚೆಗೆ ಲಾರಿ ಡ್ರೈವರುಗಳ ಜೊತೆ ಫೋನಿನಲ್ಲಿ ವ್ಯವಹರಿಸುವ ಜಾಗ ಖಾಲಿಯಾಯಿತು. ಡ್ರೈವರುಗಳೆಲ್ಲ ಹಾಸನ, ಮಂಡ್ಯ ಕಡೆಯವರು. ಅರಸೀಕೆರೆಯಿಂದ ಬಂದ ಚೂಟಿ ಹುಡುಗಿ ಹಿಂದಿಯಲ್ಲಿ ತಡವರಿಸಿದಳೆಂದು ‘ಕಮ್ಯುನಿಕೇಶನ್ ವೀಕ್’ ಎಂದು ಷರಾ ಬರೆದು ಕಳಿಸಿದರು. ಹಿಂದಿ, ಇಂಗ್ಲಿಷ್ ಎರಡನ್ನೂ ಅರಳು ಹುರಿದಂತೆ ಆಡುವ ಹುಡುಗನೊಬ್ಬ ಆಯ್ಕೆಯಾದ. ಅವನದೇನೂ ತಪ್ಪಿಲ್ಲ ಬಿಡಿ, ಕನ್ನಡ ಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಅಪರಾತ್ರಿ ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿತು. ಡ್ರೈವರ್ ಹೇಳುವುದು ಒಂದಕ್ಷರವೂ ತಿಳಿಯದೆ ಹುಡುಗ ಫೋನನ್ನು ಸೀದಾ ಮೂರ್ತಿಗಳಿಗೇ ದಾಟಿಸಿದ.

“ಸಾ, ಆಕ್ಸಲ್ ಕಟ್ಟಾಗ್ಬುಟ್ಟದೆ, ಹಿಂದ್ಗಡೆ ಗಾಡಿಗಳೆಲ್ಲ ನಿಂತವೆ, ಏನ್ ಮಾಡ್ಲಿ?”

ಮೂರ್ತಿಗಳು ಹಾಸಿಗೆಯಲ್ಲಿ ಎದ್ದು ಕೂತರು. ಕಣ್ಣುಜ್ಜಿಕೊಂಡರು.

“ಅಲ್ರೀ, ಇಷ್ಟು ವರ್ಷ ಗಾಡಿ ಓಡಿಸ್ತಿದೀರಿ, ಸ್ವಲ್ಪ ಹಿಂದಿ ಕಲಿಯೋಕ್ಕಾಗ್ಲಿಲ್ವಾ?” ಎಂದರಂತೆ.