ಪರ್ಣಮೀಮಾಂಸೆ: ಸಂಶೋಧನಾ ವೈವಿಧ್ಯದ ಬಹುಶಿಸ್ತೀಯ ನೆಲೆಗಳು – ಒಂದು ಅಧ್ಯಯನ

1.0 ಪ್ರಸ್ತಾವನೆ

ವಿಜ್ಞಾನ, ಎಂಜಿನಿಯರಿಂಗ್ ಮತ್ತು ಮಾನವಿಕಗಳಲ್ಲಿ ನಡೆಯುತ್ತಿರುವ ಸಂಶೋಧನೆಗಳು ವೈವಿಧ್ಯಮಯವಾಗಿವೆ ಎಂಬುದು ಘಟಿಕೋತ್ಸವಗಳಲ್ಲಿ ತಪ್ಪದೆ ಅಪ್ಪಣೆಯಾಗುವ ಮಾತು. ಈ ವೈವಿಧ್ಯವನ್ನು ಸೈದ್ಧಾಂತಿಕ ಚೌಕಟ್ಟಿನಲ್ಲಿಟ್ಟು ನೋಡುವ ಪ್ರಯತ್ನ ಇದುವರೆಗೆ ನಡೆದಿಲ್ಲ. ಆ ಕೊರತೆಯನ್ನು ತುಂಬಲು ಪ್ರಸ್ತುತ ಸಂಶೋಧಕ (ಇನ್ನು ಮುಂದೆ ‘ಪ್ರ.ಸಂ.’) ಹೊರಟಿದ್ದಾನೆ. ಅಂಥದೊಂದು ಕೊರತೆ ನಿಜಕ್ಕೂ ಇತ್ತೇ ಎಂದು ಕೇಳಬಾರದು. ಕೊರತೆ ತೋರಿಸದೆ ಸಿನಾಪ್ಸಿಸ್ ಪಾಸಾಗುವುದಿಲ್ಲ.

1.1 ಅಧ್ಯಯನದ ಉದ್ದೇಶ

ಎಲೆಯೆಂಬ ಪಠ್ಯವನ್ನು ಅದರ ಹಸಿರಿನ ಯಜಮಾನಿಕೆಯಿಂದ ಬಿಡಿಸಿ, ತೊಟ್ಟು–ತುದಿಗಳ ದ್ವಂದ್ವಮಾನ ವೈರುಧ್ಯವನ್ನು ಮುಖಾಮುಖಿಯಾಗಿಸುತ್ತ, ನರನಾಡಿಗಳ ಅಂಚೀಕರಣದ ಸಂಕಥನವನ್ನು ದೇಸೀ ನೆಲೆಯಲ್ಲಿ ಮರುನಿರ್ವಚಿಸಿ ಕಟ್ಟಿಕೊಡುವುದು ಪ್ರಸ್ತುತ ಅಧ್ಯಯನದ ಹಂಬಲ. ಈ ವಾಕ್ಯದ ಅರ್ಥ ಪ್ರ.ಸಂ.ಗೆ ಗೊತ್ತಿಲ್ಲ. ಮಾರ್ಗದರ್ಶಕರಿಗೂ ಗೊತ್ತಿಲ್ಲ. ಅವರು ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಇನ್ನಷ್ಟು ವಿಸ್ತರಿಸಿ’ ಎಂದು ಬರೆದಿದ್ದಾರೆ.

1.2 ಪ್ರಾಕ್ಕಲ್ಪನೆ

ಮೂರೂ ಜ್ಞಾನಶಾಖೆಗಳ ಮೂಲದ್ರವ್ಯ ಒಂದೇ, ಅದು ಎಲೆ. ವಿಜ್ಞಾನ ಎಲೆಯನ್ನು ಕುದಿಸುತ್ತದೆ, ಎಂಜಿನಿಯರಿಂಗ್ ಎಲೆಯ ಫೋಟೊ ನೋಡುತ್ತದೆ, ಮಾನವಿಕ ಎಲೆಯ ಬಗ್ಗೆ ಮಾತಾಡುತ್ತದೆ. ಇವನ್ನು ಕ್ರಮವಾಗಿ ಕ್ವಥಿತಪರ್ಣ, ಚಿತ್ರಪರ್ಣ, ವಾಕ್ಪರ್ಣ ಸಂಪ್ರದಾಯಗಳೆಂದು ಕರೆಯಲಾಗಿದೆ. ಪ್ರತಿಯೊಂದಕ್ಕೂ ಉಪಪರ್ಣ, ಅನುಪರ್ಣ, ಪ್ರತಿಪರ್ಣ ಎಂಬ ಮೂರು ಒಳಭೇದಗಳಿದ್ದು, ಅವನ್ನು ಐದನೆಯ ಅಧ್ಯಾಯದಲ್ಲಿ ಸೋದಾಹರಣವಾಗಿ ವಿವರಿಸಲಾಗುವುದು.

2.0 ಕ್ವಥಿತಪರ್ಣ

ಬೇಕಾಗುವ ಸಾಮಗ್ರಿ: ಕಾಲೇಜಿನ ಆವರಣದಲ್ಲೇ ಸಿಗುವ ಒಂದು ಗಿಡ. ಎಲೆಯನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ ಸೋಸಬೇಕು. ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೇರಿಸಬೇಕು. ತಿಳಿ ಹಳದಿ ಮೆಲ್ಲಗೆ ಕಂದಾದರೆ ಬೆಳ್ಳಿಯ ನ್ಯಾನೊ ಕಣಗಳು ಜನಿಸಿದವೆಂದು ತಿಳಿಯುವುದು. ರೋಹಿತಮಾಪಕದಲ್ಲಿ 420 ನ್ಯಾನೊಮೀಟರಿನ ಆಸುಪಾಸಿಗೆ ಒಂದು ಗುಡ್ಡ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೂದು ಉಂಡೆಗಳ ಫೋಟೊ, ಪೆಟ್ರಿ ತಟ್ಟೆಯಲ್ಲಿ ಇ. ಕೊಲಾಯ್ ಬೆಳೆಯದೆ ಉಳಿದ ಒಂದು ವೃತ್ತ. ಅಲ್ಲಿಗೆ ಪ್ರಬಂಧ ಸಿದ್ಧ.

ಘಾಟು ರಾಸಾಯನಿಕಗಳಿಲ್ಲದೆ ಗಿಡದ ರಸದಿಂದಲೇ ಲೋಹದ ಕಣ ತಯಾರಿಸಬಹುದೇ ಎಂದು ಮೊದಲು ಕೇಳಿದವರದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವೂ ಸಿಕ್ಕಿತು. ಆದರೆ ಬೇವಿನ ಎಲೆಗೆ ಆದದ್ದು ತುಳಸಿಗೂ ಆಗಬೇಕಲ್ಲ? ಆಯಿತು. ನುಗ್ಗೆಗೂ ಆಯಿತು. ಕರಿಬೇವು, ದೊಡ್ಡಪತ್ರೆ, ಪರಂಗಿ ಎಲ್ಲಕ್ಕೂ ಆಯಿತು. ಎಲೆ ಸಾಲದೆ ಬಂದಾಗ ಬಾಳೆಹಣ್ಣಿನ ಸಿಪ್ಪೆಗೂ ಆಯಿತು. ಎಲೆಯೊಳಗಿನ ಯಾವ ವಸ್ತು ಈ ಕೆಲಸ ಮಾಡಿತು ಎಂಬಲ್ಲಿಗೆ ಬಂದಾಗ ಮಾತ್ರ ‘ಪಾಲಿಫಿನಾಲ್, ಫ್ಲೇವನಾಯ್ಡ್ ಮುಂತಾದವು ಕಾರಣವಿರಬಹುದು’ ಎಂದು ಬರೆದು ಉಪಸಂಹಾರಕ್ಕೆ ಜಿಗಿಯಲಾಗುತ್ತದೆ. ಪ್ರಶ್ನೆ ಶುರುವಾಗುವ ಜಾಗದಲ್ಲೇ ಪ್ರಬಂಧ ಮುಗಿಯುವುದು ಈ ಸಂಪ್ರದಾಯದ ಲಕ್ಷಣ. ಪಶ್ಚಿಮ ಘಟ್ಟ ಇರುವ ತನಕ ಕರ್ನಾಟಕದಲ್ಲಿ ಪಿಎಚ್.ಡಿ.ಗಳಿಗೆ ಬರವಿಲ್ಲ.

3.0 ಚಿತ್ರಪರ್ಣ

ಈ ಸಂಪ್ರದಾಯದಲ್ಲಿ ಗಿಡದ ಹತ್ತಿರ ಹೋಗುವ ಅಗತ್ಯವೂ ಇಲ್ಲ. ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದ 54,306 ಚಿತ್ರಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ: 14 ಬೆಳೆ, 26 ರೋಗ. ಎಲೆಯನ್ನು ಗಿಡದಿಂದ ಕಿತ್ತು, ಬರಿದಾದ ಹಿನ್ನೆಲೆಯ ಮೇಲೆ ಅಂಗಾತ ಮಲಗಿಸಿ ತೆಗೆದ ಚಿತ್ರಗಳು ಇವು. 2016ರಲ್ಲಿ ಮೊಹಂತಿ, ಹ್ಯೂಸ್ ಮತ್ತು ಸಲಾತೆ ಎಂಬ ಮೂವರು ಇವನ್ನು ಕಂಪ್ಯೂಟರಿಗೆ ಕಲಿಸಿದರು. ಅದು ಶೇ 99.35ರಷ್ಟು ಸರಿಯಾಗಿ ರೋಗ ಗುರುತಿಸಿತು. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರ ಕೊಟ್ಟರೆ ಇದೇ ನಿಖರತೆ ಶೇ 31ರ ಹತ್ತಿರಕ್ಕೆ ಕುಸಿಯುತ್ತದೆ ಎಂಬುದನ್ನೂ ಅವರು ಅದೇ ಪ್ರಬಂಧದಲ್ಲಿ ಬರೆದರು. ಪ್ರಾಮಾಣಿಕರು.

ಅವರ ಹಿಂದೆ ಬಂದವರಲ್ಲಿ ಬಹಳ ಮಂದಿ ಮೊದಲ ಸಂಖ್ಯೆಯನ್ನು ಎತ್ತಿಕೊಂಡು ಎರಡನೆಯದನ್ನು ಅಲ್ಲೇ ಬಿಟ್ಟರು. ಅವೇ ಚಿತ್ರಗಳು, ಪದರ ಒಂದು ಹೆಚ್ಚು, ಶೀರ್ಷಿಕೆಯಲ್ಲಿ ‘ನವೀನ ವಿಧಾನ’. ದಶಾಂಶದ ಬಲಗಡೆಯ ಅಂಕಿ ಒಂದಿಷ್ಟು ಮೇಲೇರಿದರೆ ಅದೇ ಜ್ಞಾನಕ್ಕೆ ಕೊಡುಗೆ. ಕೋಲಾರದ ಟೊಮೆಟೊ ಹೊಲದಲ್ಲಿ ಎಲೆ ಹಾಗೆ ಒಂಟಿಯಾಗಿ ಮಲಗಿರುವುದಿಲ್ಲ. ಅದರ ಮೇಲೆ ಧೂಳು, ಔಷಧಿಯ ಕಲೆ, ಪಕ್ಕದ ಎಲೆಯ ನೆರಳು ಬಿದ್ದಿರುತ್ತವೆ. ಹುಳ ತಿಂದ ತೂತಿನ ಪಕ್ಕದಲ್ಲೇ ಅಂಗಮಾರಿಯ ಮಚ್ಚೆ ಇರುತ್ತದೆ. ಅಲ್ಲಿನ ರೈತ ಕೇಳುವುದು ರೋಗದ ಹೆಸರನ್ನಲ್ಲ, ಇವತ್ತು ಸಂಜೆ ಔಷಧಿ ಹೊಡೆಯಬೇಕೋ ಬೇಡವೋ ಎಂದು. ಇದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

3.1 ಪರ್ಣೇತರ ಅಪವಾದಗಳು

ಎಲೆಯ ಹಂಗಿಲ್ಲದ ಸಂಶೋಧನೆಯೂ ಉಂಟೆಂದು ಆಕ್ಷೇಪಿಸುವವರ ಸಮಾಧಾನಕ್ಕೆ ಎರಡು ನಿದರ್ಶನ. ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ನಗರದ ನಾಲ್ಕು ಶಾಲೆಗಳ 200 ಹದಿಹರೆಯದವರನ್ನು ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸದ ಬಗ್ಗೆ ವಿಚಾರಿಸಿ, ಅದು ಸರ್ವೇಸಾಮಾನ್ಯವೆಂದು ಕಂಡುಕೊಂಡರು. 2001ರಲ್ಲಿ ಅವರಿಗೆ, ನಗೆ ತರಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಂತು. ಮರುವರ್ಷ ಕೇರಳ ಕೃಷಿ ವಿಶ್ವವಿದ್ಯಾಲಯದ ಇಬ್ಬರಿಗೆ ಅದೇ ಪ್ರಶಸ್ತಿ, ಆನೆಯ ಮೈಯ ಒಟ್ಟು ವಿಸ್ತೀರ್ಣ ಅಳೆದದ್ದಕ್ಕೆ. ಜನ ನಕ್ಕರು. ಪ್ರ.ಸಂ.ಗೆ ನಗು ಬರಲಿಲ್ಲ. ಯಾವ ಅಭ್ಯಾಸ ಸಹಜ, ಎಲ್ಲಿಂದ ಮುಂದೆ ಅದು ಗೀಳು ಎಂದು ಮನೋವೈದ್ಯ ತಿಳಿಯಬೇಡವೇ? ಆನೆಯ ಚರ್ಮವನ್ನು ಹರಡಿ ಅಳೆಯಲಾಗದು. ಅದರ ಎತ್ತರ ಮತ್ತು ಮುಂಗಾಲಿನ ಪಾದದ ಸುತ್ತಳತೆಯಿಂದ ಲೆಕ್ಕ ಹಾಕುವ ಸೂತ್ರವನ್ನು ಅವರು ಕೊಟ್ಟರು. ನಗೆಪಾಟಲಾದ ಈ ಎರಡೂ ಕಡೆ ಯಾರಿಗೋ ಏನನ್ನೋ ತಿಳಿಯುವ ಆಸೆಯಿತ್ತು.

4.0 ವಾಕ್ಪರ್ಣ

ಮಾನವಿಕದ ಪ್ರಬಂಧಕ್ಕೆ ಎಲೆಯೂ ಬೇಡ, ಫೋಟೊವೂ ಬೇಡ. ಬೇಕಾದದ್ದು ಒಬ್ಬ ಬರಹಗಾರ, ಸಾಧ್ಯವಾದರೆ ಬದುಕಿರುವವರು, ಇನ್ನೂ ಸಾಧ್ಯವಾದರೆ ಯಾವುದಾದರೂ ಆಯ್ಕೆ ಸಮಿತಿಯಲ್ಲಿರುವವರು. ಶೀರ್ಷಿಕೆ ‘ಬದುಕು–ಬರಹ: ಒಂದು ಅಧ್ಯಯನ’. ಮೊದಲ ಅಧ್ಯಾಯದಲ್ಲಿ ಕಾದಂಬರಿ ಎಂದರೇನು, ಎರಡನೆಯದರಲ್ಲಿ ಹುಟ್ಟೂರು ಮತ್ತು ತಂದೆ–ತಾಯಿ, ಮೂರರಿಂದ ಐದರ ತನಕ ಕಥಾಸಾರ, ಆರರಲ್ಲಿ ಸಮಕಾಲೀನರ ನಡುವೆ ಇವರ ಅನನ್ಯತೆ. ಬರಹಗಾರರನ್ನು ಬದಲಿಸಿದರೂ ಮೊದಲನೆಯ ಅಧ್ಯಾಯ ಹಾಗೇ ಇರುತ್ತದೆ. ಒಂದೇ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಅದು ತಲೆಮಾರುಗಳಿಂದ ಸುಖವಾಗಿದೆ.

ಇದನ್ನು ತಡೆಯಲು ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದಿತು. ಶೇ 10ರ ತನಕ ಹೋಲಿಕೆಗೆ ದಂಡವಿಲ್ಲ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ ಕನ್ನಡ, ಹೋಲಿಕೆ ಹುಡುಕುವ ಯಂತ್ರದ ಕಣ್ಣಿಗೆ ರೋಮನ್ ಅಕ್ಷರಗಳ ಚಿತ್ರಾನ್ನ. ಯುನಿಕೋಡಿನಲ್ಲಿರುವ ಮೂಲಕ್ಕೂ ಅದಕ್ಕೂ ಸಂಬಂಧವಿದೆಯೆಂದು ಯಂತ್ರಕ್ಕೆ ಹೊಳೆಯುವುದೇ ಇಲ್ಲ. ಪ್ರಬಂಧ ಒಪ್ಪಿಸುವ ಮುನ್ನ ಲೇಖನ ಪ್ರಕಟವಾಗಿರಬೇಕೆಂಬ 2016ರ ಕಡ್ಡಾಯವನ್ನು 2022ರಲ್ಲಿ ಕೈಬಿಡಲಾಯಿತು. ಆದರೆ ಅಷ್ಟರಲ್ಲಿ ಬಹುಶಿಸ್ತೀಯ, ಬಹುಭಾಷಿಕ, ಅಂತರರಾಷ್ಟ್ರೀಯ ನಿಯತಕಾಲಿಕೆಗಳ ಸುಗ್ಗಿಯೇ ನಡೆದಿತ್ತು: ಹಣ ಕಟ್ಟಿ, ವಾರದಲ್ಲಿ ಅಚ್ಚು, ಮೇಲೊಂದು ಐಎಸ್‌ಎಸ್‌ಎನ್. ಆ ಸಂಖ್ಯೆ ಪತ್ರಿಕೆಯ ಗುರುತೇ ಹೊರತು ಗುಣಮಟ್ಟದ ಮುದ್ರೆಯಲ್ಲ ಎಂಬುದನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು? 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ಹಾಗಾದರೆ ಅವನ್ನು ಪಟ್ಟಿಗೆ ಸೇರಿಸಿದ್ದು ಯಾರು? ಈ ವಿಷಯದಲ್ಲಿ ಸಂಶೋಧನೆಗೆ ವಿಪುಲ ಅವಕಾಶವಿದೆ.

5.0 ಉಪಪರ್ಣ, ಅನುಪರ್ಣ, ಪ್ರತಿಪರ್ಣ

ಉಪಪರ್ಣವೆಂದರೆ... ಇರಲಿ ಬಿಡಿ. ಬಾಳೆ ಎಲೆಯ ಸುದ್ದಿ ಹೇಳುತ್ತೇನೆ.

ಒಂದು ವೈವಾಕ್ಕೆ ಹೋಗಿದ್ದೆ. ಅಭ್ಯರ್ಥಿ ಅತಿಥಿ ಉಪನ್ಯಾಸಕಿ. ರಜೆಯ ತಿಂಗಳುಗಳಲ್ಲಿ ಗೌರವಧನ ಬರದವರು. ಹೊರಗಿನಿಂದ ಬಂದ ಪರೀಕ್ಷಕರಿಗೆ ವಿಶ್ವವಿದ್ಯಾಲಯದಿಂದ ಭತ್ಯೆ ಉಂಟು. ಆದರೂ ಕಾರು ಇವರದು, ಲಾಡ್ಜು ಇವರದು, ಶಾಲು–ಪೇಟ–ಹಣ್ಣಿನ ಬುಟ್ಟಿ ಇವರವು. ಪರೀಕ್ಷಕರು ಮರೂನ್ ರೆಕ್ಸಿನ್ನಿನ ಪ್ರಬಂಧವನ್ನು ತೆರೆದಾಗ ಬೆನ್ನು ಲಟಕ್ಕೆಂದಿತು, ಮೊದಲ ಸಲ ತೆರೆದರೆ ಬರುತ್ತದಲ್ಲ, ಆ ಸದ್ದು. ನೇರವಾಗಿ ‘ಕೃತಜ್ಞತೆಗಳು’ ಪುಟಕ್ಕೆ ಹೋಗಿ ತಮ್ಮ ಹೆಸರನ್ನು ನೋಡಿ, ಮುಚ್ಚಿ, ‘ನಿಮ್ಮ ಕಡೆ ಮಳೆ ಹೇಗಮ್ಮ?’ ಎಂದರು. ಆಮೇಲೆ ಊಟ. ಅದೇ ಹೆಣ್ಣುಮಗಳು ಸೆರಗು ಸಿಕ್ಕಿಸಿಕೊಂಡು ಬಾಳೆ ಎಲೆಗೆ ಪಾಯಸ ಬಡಿಸಿದರು. ವೀಳ್ಯದೆಲೆಯ ಜೊತೆ ಲಕೋಟೆಯೂ ಇತ್ತು. ಆರು ವರ್ಷ ಊರೂರು ಸುತ್ತಿ ಹೆಂಗಸರ ಸೋಬಾನೆ ಪದ ಸಂಗ್ರಹಿಸಿದವರು ಅವರು, ನಿಜವಾದ ಕೆಲಸ ಮಾಡಿದವರು. ಒಂದು ಪದದ ಬಗ್ಗೆಯೂ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಇದನ್ನು ಬರೆಯುವಾಗ ಪ್ರ.ಸಂ. ಎಂಬ ಮುಖವಾಡ ನನಗೆ ಬೇಡವಾಗಿದೆ. ಪದವಿಗಷ್ಟೇ ಬರುವವರು ಯಾವ ಕಾಲದಲ್ಲೂ ಇರುತ್ತಾರೆ, ಅವರ ಮಾತು ಬಿಡಿ. ಕಲಿಯುವ ಆಸೆಯಿಂದ ಬಂದ ಹಳ್ಳಿಯ ಹುಡುಗ–ಹುಡುಗಿಯರಿಗೆ ನಾವು ಮೊದಲು ಕಲಿಸುವುದು ಗೈಡಿನ ಮನೆಗೆ ಗ್ಯಾಸ್ ಸಿಲಿಂಡರ್ ಹೊರುವುದನ್ನು, ಆಮೇಲೆ ‘ಮುಖಾಮುಖಿಯಾಗಿಸುವುದು’ ಎಂಬ ಪದವನ್ನು. ದೇಶ ತನ್ನ ಒಟ್ಟು ಉತ್ಪನ್ನದಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ಶೇ 0.64 (2020–21). ಅಷ್ಟು ಸಣ್ಣ ಪಾಲಿನಲ್ಲಿ ನಮ್ಮ ಕನ್ನಡ ವಿಭಾಗದ ಸಂಶೋಧಕಿಗೆ ಬಂದು ಮುಟ್ಟುವುದೆಷ್ಟು ಎಂದು ಯಾರಾದರೂ ವೇದಿಕೆಯ ಮೇಲಿಂದ ಹೇಳಲಿ.

ಮಾನವಿಕಕ್ಕೆ ಸ್ವಂತದ್ದೊಂದು ಎಲೆ ಇತ್ತು, ಓಲೆಗರಿ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಗ್ರಂಥಲಿಪಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಅವರಿಗೆ ಡಾಕ್ಟರೇಟುಗಳೆಲ್ಲ ಆಮೇಲೆ ಬಂದವು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ಜೈನ ಗ್ರಂಥ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಕೊಂಡಿತ್ತು. ಕಂಟವೆಂಬ ಮೊನಚು ಕಡ್ಡಿಯಿಂದ ಕೊರೆದ ಅಕ್ಷರಕ್ಕೆ ಮಸಿ ತುಂಬಿದರೇ ಅದು ಕಾಣುವುದು. ಪದಗಳ ನಡುವೆ ಜಾಗವಿಲ್ಲ, ಎ–ಏ, ಒ–ಓಗಳ ಹ್ರಸ್ವ ದೀರ್ಘದ ಗೊಂದಲ, ಲಿಪಿಕಾರನ ಕೈತಪ್ಪು, ಹುಳ ತಿಂದ ತೂತು. ಒಂದು ಗರಿ ಓದಲು ಒಂದು ದಿನ ಹಿಡಿಯಬಹುದು, ಅದಕ್ಕೆ ಅಂಕವಿಲ್ಲ. ಆ ಅಕ್ಷರ ಓದಬಲ್ಲವರು ವಿಭಾಗಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಗ್ರಂಥಸಂಪಾದನೆ ಎಷ್ಟೋ ಕಡೆ ಪರೀಕ್ಷೆಗೆ ಟಿಪ್ಪಣಿ ಬರೆಯುವ ವಿಷಯವಾಗಿ ಉಳಿದಿದೆ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಓಲೆಗರಿಯ ಕಟ್ಟು ಇದ್ದರೆ ದಯವಿಟ್ಟು ಹೊಳೆಗೆ ಬಿಡಬೇಡಿ, ಗೋಡೆಗೆ ಅಲಂಕಾರವಾಗಿ ತೂಗುಹಾಕಲೂಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಓದಬಲ್ಲವರೊಬ್ಬರನ್ನು ಹುಡುಕಿ ತೋರಿಸಿ. ಮನೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಗಳಿದ್ದರೆ ಅವಳನ್ನೂ ಅವರ ಹತ್ತಿರ ಕಳಿಸಿ, ಅವಳ ಗೈಡು ಬೇಡವೆಂದರೂ ಕಳಿಸಿ.