ಮಲ್ಲಿಗೆ ಕಟ್ಟುವ ಕತ್ತು

ಮತ್ತೆ ನೀಲಗಿರಿ ಎಣ್ಣೆಯಾ ಅಕ್ಕಾ? ವಾಸನೆ ಬೇಲಿ ದಾಟಿ ಬಂತು. ಹಚ್ಚಿಕೊಳ್ಳಿ, ಬೇಡ ಅನ್ನೋದಿಲ್ಲ, ಸ್ವಲ್ಪ ಹೊತ್ತು ಹಾಯೆನಿಸ್ತದೆ. ಆದರೆ ಹೆಗಲ ರೆಕ್ಕೆಗಳ ನಡುವೆ ಹಿಡಿದುಕೊಳ್ತದಲ್ಲ, ಅದಕ್ಕೆ ಮೂಲ ನಿಮ್ಮ ಕತ್ತು ಅಂತ ನನಗೆ ಕಾಣ್ತದೆ.

ನೀವು ಮಲ್ಲಿಗೆ ಕಟ್ಟೋದು ದಿನಾ ನೋಡ್ತೇನಲ್ಲ. ಮಡಿಲಲ್ಲಿ ಮೊಗ್ಗಿನ ಮೊರ, ಬೆರಳ ಸಂದಿಯಲ್ಲಿ ಬಾಳೆನಾರು, ಗದ್ದ ಎದೆಗೆ ತಾಗುವಷ್ಟು ಬಗ್ಗಿದ ತಲೆ. ಮೊಗ್ಗು ಅರಳುವುದರೊಳಗೆ ಪೇಟೆಗೆ ಹೋಗಬೇಕು, ಕೈ ನಿಲ್ಲಿಸುವ ಹಾಗಿಲ್ಲ. ಭಟ್ಕಳ ಮಲ್ಲಿಗೆಗೆ ಇಷ್ಟು ಹೆಸರು. ಅದನ್ನು ಕಟ್ಟುವವರ ಬೆನ್ನಿನ ಸುದ್ದಿ ಮಾತ್ರ ಯಾರೂ ಎತ್ತೋದಿಲ್ಲ, ನನಗೆ ಬೇಜಾರು ಅದೇ. ಹೊನ್ನಾವರ, ಕುಮಟಾ ಕಡೆ ಅಡಿಕೆ ಸುಲಿಯುವವರ ಪಾಡೂ ಹೀಗೇ. ಕಣ್ಣು ಕತ್ತಿಯ ಅಲಗಿನ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋಯ್ತು.

ತಲೆ ಅಂದರೆ ಸುಮಾರು 5 ಕಿಲೋ ಭಾರ. ನೆಟ್ಟಗಿದ್ದಾಗ ಹೆಚ್ಚಿನದನ್ನು ಎಲುಬೇ ಹೊರ್ತದೆ. ಮುಂದೆ ಬಗ್ಗಿತೋ, ಬೀಳದ ಹಾಗೆ ಹಿಂದಿನಿಂದ ಸ್ನಾಯುಗಳು ಎಳೆದು ಹಿಡಿಯಬೇಕು. ನ್ಯೂಯಾರ್ಕಿನ ಬೆನ್ನೆಲುಬಿನ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು: 60 ಡಿಗ್ರಿ ಬಗ್ಗಿದರೆ ಕತ್ತಿನ ಮೇಲೆ 27 ಕಿಲೋದಷ್ಟು ಒತ್ತಡ. ಅಕ್ಕಿ ಚೀಲವೇ ಆಯ್ತಲ್ಲ! ಅವರು ಹೇಳಿದ್ದು ಮೊಬೈಲು ನೋಡುವವರ ವಿಷಯ, ಆದರೆ ಕೈಯಲ್ಲಿರುವುದು ಮೊಬೈಲೋ ಮೊಗ್ಗೋ, ಕತ್ತಿಗೆ ಎಂತ ವ್ಯತ್ಯಾಸ?

ಆ ಎಳೆತ ಕತ್ತಿನಲ್ಲೇ ನಿಂತಿದ್ದರೆ ಬೇರೆ ಮಾತು, ಆದರೆ ನಿಲ್ಲೋದಿಲ್ಲ. ತಲೆಬುರುಡೆಯ ಹಿಂದಿನಿಂದ ಹೊರಡುವ ಟ್ರೆಪೀಜಿಯಸ್ ಅನ್ನುವ ಸ್ನಾಯು ಎರಡೂ ಹೆಗಲಿಗೆ ಹರಡಿ, ಕೊನೆಯ ಪಕ್ಕೆಲುಬಿನ ಮಟ್ಟದವರೆಗೂ ಇಳೀತದೆ. ಕತ್ತಿನ ಎಳೆತ ಬೆನ್ನಿಗೆ ಬರೋದು ಹಾಗೆ. ಬಿಡುವಿಲ್ಲದೆ ಬಿಗಿದೇ ಇರುವ ಸ್ನಾಯುವಿಗೆ ರಕ್ತ ಸರಿಯಾಗಿ ಓಡೋದಿಲ್ಲ, ದಣಿದು ಬಿಗಿದುಕೊಳ್ತದೆ. ಒತ್ತಿದರೆ ನೀವು ಕಿರುಚುತ್ತೀರಲ್ಲ, ಆ ಗಂಟು ಅದೇ ಇರಬೇಕು.

ಹೂ ಕಟ್ಟೋದು ಬಿಡಿ ಅಂತ ನಾನು ಹೇಗೆ ಹೇಳಲಿ? ಮನೆ ನಡೀಬೇಕಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ, ಮೊರ ಮಡಿಲಲ್ಲಿ ಬೇಡ, ಎದೆಮಟ್ಟಕ್ಕೆ ಬರಲಿ. ಒಂದೊಂದು ಮಾಲೆ ಮುಗಿದ ಹಾಗೆ ತಲೆ ಎತ್ತಿ, ಗದ್ದ ಒಳಗೆ ಎಳೆದು, ಹೆಗಲು ಹಿಂದಕ್ಕೆ ತಿರುಗಿಸಿ. ಕೈ ಜುಮ್ಮೆಂದರೆ, ಹಿಡಿದ ನಾರು ಜಾರಲು ಶುರುವಾದರೆ, ಎಣ್ಣೆ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗುವಾ, ನಾನೂ ಬರ್ತೇನೆ.

ನಮ್ಮಲ್ಲಿ ಎತ್ತರದ ಸ್ಟೂಲೊಂದು ಸುಮ್ಮನೆ ಬಿದ್ದಿದೆ, ಮೊರ ಇಡಲಿಕ್ಕೆ ಸರಿಯಾಗ್ತದೆ. ಈಗಲೇ ತರ್ತೇನೆ, ಬೇಲಿ ಮೇಲಿಂದ ಹಿಡಿದುಕೊಳ್ಳಿ.